ಸವರಿದ ಬಳ್ಳಿ

"ಏನ್ರೀ ಇದು! ನನ್ನ ಬಳ್ಳಿ ಎಲ್ಲಿ?"

ಕೈಯಲ್ಲಿದ್ದ ಚೀಲ ಕೆಳಗಿಡುವಷ್ಟೂ ಪುರುಸೊತ್ತಿಲ್ಲ ಅವಳಿಗೆ. ಹಿತ್ತಲಿನ ಚಪ್ಪರ ಪೂರ್ತಿ ಬೋಳು! ಅಪ್ಪ ನೆಟ್ಟ ದ್ರಾಕ್ಷಿ ಬಳ್ಳಿಯಲ್ಲಿ ಉಳಿದಿದ್ದು ಎದೆಯೆತ್ತರದ ಒಂದು ಮೋಟು. ಅದರ ಮುಂದೆ ಕತ್ತರಿ ಹಿಡಿದು ನಿಂತಿದ್ದವನು ಪಕ್ಕದ ಮನೆಯ ಸಲೂನ್‌ನವನು.

"ನೀವೇ ಬರೆದಿಟ್ಟಿದ್ರಲ್ಲ..." ಅವನು ಜೇಬಿನಿಂದ ಚೀಟಿ ತೆಗೆದು ಓದಿದ. "ಬಳ್ಳಿಯನ್ನು ದಿನಾ ಒಮ್ಮೆ ಸವರಿ."

"ಸವರಿ ಅಂದ್ರೆ ಕೈಯಿಂದ ರೀ! ನೇವರಿಸೋದು! ಅಪ್ಪ ದಿನಾ ಹಾಗೇ ಮಾಡ್ತಿದ್ರು!"

"ನಮ್ಮ ಅಂಗಡೀಲಿ ಸವರೋದು ಅಂದ್ರೆ ಕತ್ತರೀಲೇ... ಅದ್ರಲ್ಲೂ ದಿನಾ ಅಂತ ಬೇರೆ ಇತ್ತು. ಹದಿನೈದು ದಿನಾನೂ ತಪ್ಪದೆ ಬಂದೆ."

ಆಹಾ, ಏನು ನಿಷ್ಠೆ! ಅವಳ ಮೈಯೆಲ್ಲ ಉರಿಯಿತು. ಮುದ್ರಣಾಲಯದಲ್ಲಿ ಕೂತು ಊರವರ ತಪ್ಪನ್ನೆಲ್ಲ ತಿದ್ದುವವಳು, ತಾನೇ ಹೀಗೆ ಬರೆದಿಟ್ಟಳಲ್ಲ! ಅದು ಉರಿಯನ್ನು ಇನ್ನಷ್ಟು ಹೆಚ್ಚಿಸಿತು.

ಅಕ್ಕನ ಹೆರಿಗೆಗೆ ಹೊರಡುವಾಗ ಇಡೀ ಬೀದಿಯಲ್ಲಿ ಇವನ ಕೈಗೇ ಕೀಲಿ ಕೊಟ್ಟಿದ್ದೇಕೆ? ಬೇಲಿಯಾಚೆಯಿಂದ ಇವನೊಮ್ಮೆ ನಕ್ಕರೆ ದಿನವಿಡೀ ಮನಸ್ಸು ಹಗುರ, ಅದಕ್ಕೆ! ನನಗೆ ಹೀಗೇ ಆಗಬೇಕು...

"ಅಪ್ಪ ಹೋದ್ಮೇಲೆ ನನಗೆ ಅಂತ ಉಳಿದಿದ್ದು ಇದೊಂದೇ. ಕೀಲಿ ಕೊಡಿ! ಇನ್ಮೇಲೆ ನಮ್ಮ ಗೇಟು ಮುಟ್ಟಬೇಡಿ!"

ಅವನ ಮುಖ ಸಣ್ಣಗಾಯಿತು. ಕೀಲಿ ಕೊಟ್ಟು ಹೊರಟುಹೋದ.

ವಾರ ಕಳೆಯಿತು. ಚಳಿ ಇಳಿದು ಬಿಸಿಲು ಹಿತವಾಯಿತು. ಗೋಡೆ ಬದಿಯ ಗುಲಾಬಿಯಲ್ಲಿ ಕೆಂಪು ಚಿಗುರು ಕಂಡಿತು, ಗುಬ್ಬಿಗಳು ಕಡ್ಡಿ ಹೊರತೊಡಗಿದವು. ಎಲ್ಲಕ್ಕೂ ವಸಂತ ಬಂತು, ನನ್ನ ಬಳ್ಳಿಗೆ ಮಾತ್ರ ಇಲ್ಲ!

ಒಂದು ಬೆಳಿಗ್ಗೆ ನೋಡಿದರೆ, ಕತ್ತರಿಸಿದ ಕಡೆಯಿಂದೆಲ್ಲ ತೊಟತೊಟ ನೀರು. ಬಳ್ಳಿ ಅಳುತ್ತಿದೆ! ಅವಳೂ ಅಲ್ಲೇ ಕೂತು ಅತ್ತಳು.

ಆದರೆ ಅದು ಅಳುವಾಗಿರಲಿಲ್ಲ. ಮಣ್ಣು ಬೆಚ್ಚಗಾಗಿ ಬೇರಿನಿಂದ ಜೀವರಸ ಏರುತ್ತಿತ್ತು. ಅದಾದ ಐದನೆಯ ದಿನ ಮೋಟಿನ ಮೇಲೆ ತೆಳುಗೆಂಪು ಮೊಗ್ಗುಗಳು ಉಬ್ಬಿದ್ದವು... ಒಂದಲ್ಲ, ಏಳು!

ಅವಳು ಚಪ್ಪಲಿಯನ್ನೂ ಮೆಟ್ಟದೆ ಸಲೂನಿಗೆ ಓಡಿದಳು. ಮುಖದ ತುಂಬ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿ ಬೆಚ್ಚಿಬಿದ್ದ.

"ಬಳ್ಳಿ ಚಿಗುರ್ತಿದೆ!" ಜಗಳಕ್ಕೆ ಬಂದವಳ ಹಾಗೆ ಹೇಳಿದಳು.

"ಸದ್ಯ!" ಅವನ ಕಣ್ಣು ತುಂಬಿತು. "ಹಾಗಾದ್ರೆ... ಸಿಟ್ಟು ಇಳೀತಾ?"

"ಇಲ್ಲ! ಹನ್ನೆರಡು ದಿನ ಆಯ್ತು, ಬೇಲಿ ಹತ್ರಾನೂ ಸುಳಿದಿಲ್ಲ ನೀವು!"

"ಗೇಟು ಮುಟ್ಟಬೇಡಿ ಅಂದಿದ್ರಿ..."

"ಅಂದೆ! ಅಂದ ತಕ್ಷಣ ಬರದೇ ಇದ್ದುಬಿಡೋದಾ? ಸಣ್ಣ ಸದ್ದಾದ್ರೂ ಎದ್ದು ಬಾಗಿಲಿಗೆ ಬರೋಳ ಗತಿ ಏನು?"

ಗಿರಾಕಿ ಪತ್ರಿಕೆ ಎತ್ತಿ ಮುಖಕ್ಕೆ ಅಡ್ಡ ಹಿಡಿದ.

"ನನಗೆ ಬಿಡಿಸಿ ಹೇಳಿದ್ರೇನೇ ಅರ್ಥ ಆಗೋದು ರೀ..."

"ನೀವಂದ್ರೆ ನನಗೆ ಇಷ್ಟ! ಸಾಕಾ?"

ಅವನು ರೇಜರ್ ಕೆಳಗಿಟ್ಟ. "ನನಗೆ ನೀವು ವರ್ಷದಿಂದ ಇಷ್ಟ."

"ವರ್ಷದಿಂದಾನಾ! ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ನೀವು ಕೇಳ್ಲೇ ಇಲ್ವಲ್ಲ..."

"ಈಗ ಕೇಳ್ತಿದ್ದೀನಿ."

"ಇಷ್ಟ ರೀ... ತುಂಬಾ."