ಚೇಂಬರಿನ ಬಟ್ಟೆಗಂಟು

"ಇನ್ಸ್‌ಪೆಕ್ಟರಮ್ಮಾ, ನಾನು ಬಟ್ಟೆ ಹೊಲಿಯೋಳು. ಪಾಯಿಖಾನೆಗೆ ತುರುಕೋಳಲ್ಲ."

ಟೈಲರಮ್ಮ ಚಪ್ಪಲಿ ಬಿಡುವ ಮೊದಲೇ ಇಷ್ಟು ಹೇಳಿ ಮುಗಿಸಿದ್ದಳು. ಅಳತೆಯ ಟೇಪು ಕೊರಳಲ್ಲಿ ಜೋತಾಡುತ್ತಿತ್ತು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು, "ಒಳಗೆ ಬಾ. ಮೊದಲು ನೀರು ಕುಡಿ, ಆಮೇಲೆ ಪಾಯಿಖಾನೆ" ಎಂದರು.

ನಮ್ಮ ದೊಡ್ಡಮ್ಮ ಪೊಲೀಸ್ ಇನ್ಸ್‌ಪೆಕ್ಟರ್ ಅಲ್ಲ. ನಗರಸಭೆಯಲ್ಲಿ ಆರೋಗ್ಯ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಇಡೀ ಸರ್ವಿಸ್ಸಿನಲ್ಲಿ ಅವರು ಹಿಡಿದದ್ದು ಸೊಳ್ಳೆ ಮರಿಗಳನ್ನು ಮಾತ್ರ ಎಂದು ನಮ್ಮಮ್ಮ ತನ್ನ ಅಕ್ಕನನ್ನು ರೇಗಿಸುತ್ತಿದ್ದಳು. ಆದರೂ ಸರ ಕಳೆದರೆ, ಕೊಳಾಯಿ ಮುರಿದರೆ, ಯಾರದೋ ಬೆಕ್ಕು ಯಾರದೋ ಮನೆಯಲ್ಲಿ ಸತ್ತುಬಿದ್ದರೆ ಬೀದಿಯವರು ಬರುತ್ತಿದ್ದದ್ದು ಇಲ್ಲಿಗೇ. ನಾನು ಔಷಧದ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು ಅವರ ಮನೆಯಲ್ಲೇ ಇದ್ದುದರಿಂದ ಇಂಥ ಪ್ರಕರಣಗಳಿಗೆಲ್ಲ ಟಾರ್ಚು ಹಿಡಿಯುವ ಕೆಲಸ ನನ್ನದಾಗಿತ್ತು.

ಟೈಲರಮ್ಮ ಹೇಳಿದ ಸಂಗತಿ ಇದು. ಅವಳು ಬಾಡಿಗೆಗಿದ್ದದ್ದು ಬೀದಿಯ ಕೊನೆಯ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಮುಂದಿನ ಭಾಗದಲ್ಲಿ ಮನೆ ಒಡತಿ, ಅವರ ಮಗಳು ಮತ್ತು ಅಳಿಯ. ಒಳಚರಂಡಿ ಆ ಕಡೆ ಬಂದಿರಲಿಲ್ಲ. ಹೊಲಸು ನೀರೆಲ್ಲ ಅಂಗಳದ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತಿತ್ತು. ಟ್ಯಾಂಕಿನಿಂದ ಹೊರಬಂದ ತಿಳಿನೀರು ಒಂದು ಸಣ್ಣ ಸಿಮೆಂಟ್ ಚೇಂಬರಿಗೆ ಬಂದು, ಅಲ್ಲಿಂದ ಮೂರು ತೂತುಕೊಳವೆಗಳಲ್ಲಿ ಹರಿದು ನೆಲದೊಳಗೆ ಇಂಗುತ್ತಿತ್ತು. ಹೋದ ವಾರ ಎರಡೂ ಮನೆಗಳ ಬಚ್ಚಲಲ್ಲಿ ನೀರು ಕಟ್ಟಿಕೊಂಡಿತು. ಪ್ಲಂಬರ್ ಬಂದು ಚೇಂಬರಿನ ಮುಚ್ಚಳ ತೆಗೆದು, ಒಂದು ಕೊಳವೆಯ ಬಾಯಿಂದ ಬಟ್ಟೆಯ ಗಂಟು ಎಳೆದು ಹಾಕಿದ. ಅದರಲ್ಲಿದ್ದದ್ದು ಅವಳು ಹೊಲಿಯುತ್ತಿದ್ದ ನೀಲಿ ಚೌಕಳಿ ಬಟ್ಟೆಯ ಚೂರುಗಳು.

"ಹೊಲಿಗೆ ಕಲಿಯೋಕೆ ಬರೋ ಹುಡುಗೀರು ಪಾಯಿಖಾನೆಗೆ ಹಾಕಿದ್ದಾರೆ, ನೀನು ನೋಡ್ಕೊಂಡಿಲ್ಲ ಅಂತಾರೆ. ನಾಳೆ ಸಂಜೆಯೊಳಗೆ ಮನೆ ಖಾಲಿ ಮಾಡಬೇಕಂತೆ. ಆ ಚೌಕಳಿ ಶಾಲೆ ಯೂನಿಫಾರ್ಮಿಂದು, ಇನ್ನೂ ಅರ್ಧ ಹೊಲಿದಿಲ್ಲ. ನಾಲ್ಕು ಮಿಷನ್ನು ತಗೊಂಡು ಬೀದೀಲಿ ಕೂತ್ಕೊಳ್ಳಲಾ? ಪಾಯಿಖಾನೆ ಕಟ್ಟಿಕೊಳ್ಳೋ ಹಾಗೆ ಮಾಡಿದೋಳು ಅಂತ ಹೆಸರು ಬಿದ್ರೆ ಈ ಊರಲ್ಲಿ ಯಾರು ಮನೆ ಕೊಡ್ತಾರೆ?"

"ಆ ಮನೇಲಿ ನಿನ್ನ ಪರವಾಗಿ ಯಾರೂ ಮಾತಾಡಲಿಲ್ವಾ?"

"ಅಳಿಯಂದ್ರು ಒಬ್ರೇ ಸ್ವಲ್ಪ ಕನಿಕರ ತೋರಿಸಿದ್ರು. ಸಾಮಾನು ಸಾಗಿಸೋಕೆ ತಮ್ಮ ಗಾಡೀನೇ ತರ್ತೀನಿ, ಬಾಡಿಗೆ ಬೇಡ ಅಂದ್ರು."

"ಒಳ್ಳೇ ಮನುಷ್ಯ" ಎಂದರು ದೊಡ್ಡಮ್ಮ. ಅವರು ಹೊಗಳಿದರೋ ಸುಮ್ಮನೆ ಅಂದರೋ ನನಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ನಾವು ಹೋದಾಗ, ಮೊದಲೆಲ್ಲ ಅಂಗಳದಲ್ಲಿರುತ್ತಿದ್ದ ಅಳಿಯನ ಸರಕು ಗಾಡಿ ಬೀದಿಯ ಬಿಸಿಲಲ್ಲಿ ನಿಂತಿತ್ತು. ಒಳಗೆ ಅಂಗಳದಲ್ಲಿ ದೊಡ್ಡ ಮರದ ನೆರಳಿತ್ತು. ಗೇಟಿನ ಪಕ್ಕದಲ್ಲಿ ಟೈಲರಮ್ಮನ ಚೂರುಬಟ್ಟೆಯ ಚೀಲ. ಒರೆಸಲು ಬೇಕಾದವರು ಅದರಿಂದ ಎತ್ತಿಕೊಂಡು ಹೋಗುತ್ತಿದ್ದರು. ನನ್ನ ಸ್ಕೂಟರಿನ ಡಿಕ್ಕಿಯಲ್ಲೂ ಅದೇ ಚೌಕಳಿಯ ಎರಡು ತುಂಡುಗಳಿದ್ದವು.

ಒಡತಿ ಜಗಲಿಯ ಮೇಲೆ ಕೂತಿದ್ದರು. ಸಾಕ್ಷಿಯ ಗಂಟನ್ನು ಹಳೆಯ ಬಕೆಟ್ಟಿನಲ್ಲಿಟ್ಟು ಮೇಲೆ ತಟ್ಟೆ ಮುಚ್ಚಿದ್ದರು, ಅದು ಎದ್ದು ಓಡಿಹೋಗುತ್ತದೆ ಎನ್ನುವ ಹಾಗೆ.

"ನೋಡಿ ಇನ್ಸ್‌ಪೆಕ್ಟರಮ್ಮ, ನೀವೇ ನೋಡಿ. ಮನೆ ಕೊಟ್ಟಿದ್ದಕ್ಕೆ ಅವಳು ನಮಗೆ ಮಾಡಿದ ಉಪಕಾರ."

ಅಷ್ಟರಲ್ಲಿ ಅಳಿಯ ಒಳಗಿನಿಂದ ಬಂದ. ಒಡತಿ ತಟ್ಟನೆ ಮಗಳ ಕಡೆ ತಿರುಗಿ, "ಅವರಿಗೆ ತಿಂಡಿ ಕೊಡು ಅಂತ ಹೇಳ್ಲಿಲ್ವೇನೆ?" ಎಂದರು. ಅವನೂ ಹೆಂಡತಿಯ ಕಡೆ ನೋಡಿ, "ಅತ್ತೆಯವರಿಗೆ ಹೇಳು, ಈಗ ಬೇಡ" ಎಂದ. ಇಬ್ಬರ ನಡುವೆ ಒಂದು ಮಾರಿನ ಅಂತರವೂ ಇರಲಿಲ್ಲ. ಮದುವೆಯಾದಾಗಿನಿಂದ ಅತ್ತೆ ಅಳಿಯ ನೇರ ಮಾತಾಡಿದವರಲ್ಲ ಎಂಬುದು ಬೀದಿಗೆಲ್ಲ ಗೊತ್ತಿದ್ದ ತಮಾಷೆ. ಜಗಳವೇನಿಲ್ಲ. ಒಬ್ಬರಿಗೆ ಮರ್ಯಾದೆ, ಇನ್ನೊಬ್ಬರಿಗೆ ಸಂಕೋಚ. ನಡುವೆ ಮಗಳು ಅಂಚೆ ಹಂಚುತ್ತಿದ್ದಳು.

ದೊಡ್ಡಮ್ಮ ಕೈಗವಸು ಹಾಕಿಕೊಂಡು ಗಂಟನ್ನು ತಿರುಗಿಸಿ ನೋಡಿದರು. ಎರಡು ಮುಷ್ಟಿ ಸೇರಿಸಿದಷ್ಟು ದಪ್ಪ. ಚೂರುಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಮೇಲೆ ಹಳೆಯ ಟ್ಯೂಬಿನಿಂದ ಕತ್ತರಿಸಿದ ಕಪ್ಪು ರಬ್ಬರ್ ಪಟ್ಟಿ ಬಿಗಿದಿತ್ತು. ಪಟ್ಟಿಯ ಒಂದು ತುದಿಯನ್ನು ಗೇಣುದ್ದ ಹಾಗೇ ಬಿಟ್ಟಿದ್ದರು.

"ಇದನ್ನ ತೆಗೆದ ಮೇಲೆ ಎಲ್ಲ ಸರಿಹೋಯ್ತಾ?" ಎಂದು ಕೇಳಿದರು.

"ಬಚ್ಚಲು ಸರಿಹೋಯ್ತು. ಆದ್ರೆ ನಿನ್ನೆಯಿಂದ ಅಲ್ಲಿ ಕಾಂಪೌಂಡ್ ಹತ್ರ ಹೊಲಸು ನೀರು ಉಕ್ತಾ ಇದೆ. ಇವಳು ಇನ್ನೆಷ್ಟು ತುರುಕಿದ್ದಾಳೋ!"

ನಾವು ಹೋಗಿ ನೋಡಿದೆವು. ಮರದ ಕೆಳಗೆ ಹೂವಿನ ಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ಕುಂಡಗಳ ನಡುವೆ ಕಪ್ಪು ನೀರು ಜಿನುಗುತ್ತಿತ್ತು. ಸುತ್ತ ಹುಲ್ಲು, ಕುಂಡಗಳ ಕೆಳಗೆ ಮಾತ್ರ ಬೇರೆ ಬಣ್ಣದ ಹೊಸ ಮಣ್ಣು. ಗಿಡಗಳು ಒಣಗಿ ಕಡ್ಡಿಯಾಗಿದ್ದವು. ದೊಡ್ಡಮ್ಮ ಮಗಳನ್ನು ಕೇಳಿದರು, "ಇವನ್ನ ಇಲ್ಲಿ ಯಾರಮ್ಮ ಇಟ್ರು?"

"ನಮ್ಮನೆಯವ್ರೇ. ಅಂಗಳ ಚೆನ್ನಾಗಿ ಕಾಣ್ಲಿ ಅಂತ ತಂದಿಟ್ರು. ನೀರು ಹಾಕೋದು ಮಾತ್ರ ನನ್ನ ತಲೆಗೆ ಕಟ್ಟಿದ್ರು, ನಾನು ಮರೆತೆ."

"ಬಚ್ಚಲು ಕಟ್ಟಿಕೊಳ್ಳೋಕೆ ಮುಂಚೆನೋ, ಆಮೇಲೋ?"

"ಎಷ್ಟೋ ದಿನ ಮುಂಚೆ."

ದೊಡ್ಡಮ್ಮ ಅದೇ ಪ್ಲಂಬರನನ್ನು ಕರೆಸಿ, ಟ್ಯಾಂಕಿನ ಮುಚ್ಚಳ ಸರಿಸಲು ಹೇಳಿದರು. ಅವನು ಮೂಗಿಗೆ ಟವೆಲ್ ಕಟ್ಟಿಕೊಂಡು ಕೋಲು ಇಳಿಬಿಟ್ಟ. ಕೋಲಿಗೆ ಹತ್ತಿರಹತ್ತಿರ ಮೇಲಿನವರೆಗೂ ಗಟ್ಟಿ ಕೆಸರು ಮೆತ್ತಿಕೊಂಡು ಬಂತು.

"ಇದನ್ನ ಖಾಲಿ ಮಾಡಿಸಿ ಎಷ್ಟು ಕಾಲ ಆಯ್ತು?"

ಒಡತಿ ಸೆರಗು ಸರಿಮಾಡಿಕೊಂಡರು. "ನಮ್ಮವರು ಇದ್ದಾಗ ಒಮ್ಮೆ ಮಾಡಿಸಿದ್ರು."

ಅವರು ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ದೊಡ್ಡಮ್ಮ ಕೋಲನ್ನು ಪಕ್ಕಕ್ಕಿಡಿಸಿದರು. ಎಲ್ಲರೂ ಚೇಂಬರಿನ ಹತ್ತಿರ ಬರಲಿ ಎಂದಷ್ಟೇ ಹೇಳಿ, ಜಗಲಿಯ ಕುರ್ಚಿ ತರಿಸಿ ಒಡತಿಯನ್ನು ಕೂರಿಸಿದರು. ಟೈಲರಮ್ಮ ಗೋಡೆಗೆ ಒರಗಿ ನಿಂತಳು. ಅಳಿಯ ಗೇಟಿನ ಹತ್ತಿರವೇ ಉಳಿದ. "ನೀವೂ ಬನ್ನಿ, ವಾಸನೆ ಎಲ್ಲರಿಗೂ ಒಂದೇ" ಎಂದು ದೊಡ್ಡಮ್ಮ ಕರೆದರು.

"ಮೊದಲು ಈ ಗಂಟು ಎಲ್ಲಿಂದ ಬಂತು ನೋಡೋಣ" ಎಂದು ಶುರುಮಾಡಿದರು. "ಪಾಯಿಖಾನೆಗೆ ಹಾಕಿದ್ದು ಅನ್ನೋದು ಮಾತು. ಇಷ್ಟು ದಪ್ಪದ್ದು ಕಮೋಡಿನ ಬಾಗಿದ ಕೊಳವೇಲೇ ಸಿಕ್ಕಿಕೊಳ್ತಿತ್ತು. ಚೂರುಚೂರಾಗಿ ಹಾಕಿದ್ರು ಅಂತಲೇ ಇಟ್ಕೊಳ್ಳಿ. ಚೂರು ಟ್ಯಾಂಕಿಗೆ ಬೀಳುತ್ತೆ, ತೇಲುತ್ತೆ ಇಲ್ಲವೇ ಮುಳುಗುತ್ತೆ. ಟ್ಯಾಂಕಿಂದ ಹೊರಗೆ ಹೋಗೋ ಕೊಳವೆ ಎಳೆಯೋದು ನಡುವಿನ ತಿಳಿನೀರನ್ನ ಮಾತ್ರ. ಅದರೊಳಗೆ ನುಸುಳಿ, ಈಚೆ ಬಂದು, ತಾವೇ ಸುರುಳಿ ಸುತ್ತಿಕೊಂಡು, ಮೇಲೆ ರಬ್ಬರ್ ಪಟ್ಟಿ ಬಿಗಿದುಕೊಳ್ಳೋ ಬಟ್ಟೆ ನಾನಂತೂ ನೋಡಿಲ್ಲ."

ಪ್ಲಂಬರ್ ಕೆಮ್ಮಿದ. "ನಾನು ಅಷ್ಟು ಯೋಚನೆ ಮಾಡಿಲ್ಲ ಅಮ್ಮ. ಎಳೆದೆ, ಬಂತು."

"ಎಳೆಯೋಕೆ ಪಟ್ಟಿಯ ತುದಿ ಸಿಕ್ತಲ್ಲ?"

"ಸಿಕ್ತು. ಹಿಡಿ ಇದ್ದ ಹಾಗಿತ್ತು."

"ಅಂದ್ರೆ ಇಟ್ಟವರು ಈ ಮುಚ್ಚಳ ತೆಗೆದು, ಕೈಯಾರೆ ಕೊಳವೆಯ ಬಾಯಿಗೆ ಬಿರಡೆ ಹಾಕಿದ್ದಾರೆ. ಒಂದು ದಿನ ತೆಗೆಯೋಣ ಅಂತ ತುದಿ ಬಿಟ್ಟಿದ್ದಾರೆ. ಕೇಡು ಮಾಡೋರು ಹಿಡಿ ಬಿಡಲ್ಲ."

"ಹಾಗಾದ್ರೆ ಬಿರಡೆ ಯಾಕೆ?" ಎಂದು ನಾನು ಕೇಳಿದೆ.

"ಬಿರಡೆ ತೆಗೆದ ಮೇಲೆ ಏನಾಯ್ತು? ಕುಂಡಗಳ ಹತ್ರ ನೀರು ಉಕ್ಕಿತು. ಆ ಕೊಳವೆ ಹೋಗೋದು ಅಲ್ಲಿಗೇ. ಅದು ಅಲ್ಲಿ ಒಡೆದಿದೆ. ಒಡೆದದ್ದು ಯಾರಿಗೋ ಗೊತ್ತಿತ್ತು. ನೀರು ಮೇಲೆ ಬರಬಾರದು ಅಂತ ಬಾಯಿ ಕಟ್ಟಿದ್ರು, ಹಳ್ಳಕ್ಕೆ ಮಣ್ಣು ತುಂಬಿದ್ರು, ಮೇಲೆ ಕುಂಡ ಇಟ್ರು. ಉಳಿದ ಎರಡು ಕೊಳವೆ ಚೆನ್ನಾಗಿದ್ದಿದ್ರೆ ಯಾರಿಗೂ ತಿಳೀತಿರಲಿಲ್ಲ. ಆದ್ರೆ ತುಂಬಿದ ಟ್ಯಾಂಕಿಂದ ವರ್ಷಾನುಗಟ್ಟಲೆ ಕೆಸರು ಬಂದು ಅವೂ ಅರ್ಧ ಮುಚ್ಚಿವೆ. ಇಷ್ಟು ನೀರು ತಡೆಯೋಕಾಗದೆ ಬಚ್ಚಲಿಗೆ ವಾಪಸ್ ಕಳಿಸಿದ್ವು. ಅದರಲ್ಲಿ ನಿಮ್ಮ ಪಾಲೂ ಇದೆ ಅಕ್ಕಾವ್ರೇ."

ಒಡತಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತರು. ದೊಡ್ಡಮ್ಮ ಮುಂದುವರಿಸಿದರು.

"ಕೊಳವೆ ಒಡೆಯೋಕೆ ಭಾರ ಬೇಕು. ಕುಂಡದ ಭಾರ ಸಾಲದು. ಇಡೀ ಅಂಗಳದಲ್ಲಿ ನೆರಳಿರೋದು ಆ ಮರದ ಕೆಳಗೆ. ಅಲ್ಲಿ ನಿಲ್ತಿದ್ದ ಗಾಡಿ ಈಗ ಬೀದೀಲಿ ಬಿಸಿಲು ಕಾಯ್ತಾ ಇದೆ. ಯಾಕೆ ಅಂತ ಯಾರೂ ಕೇಳಲಿಲ್ಲ, ಯಾಕಂದ್ರೆ ಈ ಮನೇಲಿ ಅಳಿಯಂದ್ರನ್ನ ಯಾರೂ ಏನೂ ಕೇಳಲ್ಲ. ಚೂರುಬಟ್ಟೆ ಗೇಟಲ್ಲೇ ಸಿಗುತ್ತೆ, ಅದು ಯಾರ ಮೇಲೂ ಸಾಕ್ಷಿ ಅಲ್ಲ. ಆದ್ರೆ ಟ್ಯೂಬಿನ ಪಟ್ಟಿ..." ದೊಡ್ಡಮ್ಮ ಬೀದಿಯ ಕಡೆ ಕೈ ತೋರಿಸಿದರು. ಗಾಡಿಯ ಟಾರ್ಪಾಲನ್ನು ಸುತ್ತಲೂ ಬಿಗಿದಿದ್ದದ್ದು ಅಂಥವೇ ಕಪ್ಪು ಪಟ್ಟಿಗಳು. ಪ್ರತಿಯೊಂದರಲ್ಲೂ ಎಳೆದು ಬಿಚ್ಚಲು ಗೇಣುದ್ದದ ತುದಿ ನೇತಾಡುತ್ತಿತ್ತು.

ಅಳಿಯ ತಲೆ ತಗ್ಗಿಸಿದ. ಆಮೇಲೆ ಹೆಂಡತಿಯನ್ನು ನೋಡಿ, "ಅತ್ತೆಯವರಿಗೆ ಹೇಳು..." ಎಂದು ಶುರುಮಾಡಿದ.

"ನಾನು ಹೇಳಲ್ಲ" ಎಂದಳು ಅವಳು. "ನನಗೇ ಹೇಳಿಲ್ಲ ನೀವು. ನಾನು ಒಣಗಿದ ಕುಂಡಕ್ಕೆ ಬೈಸಿಕೊಂಡೆ."

ಕೊನೆಗೆ ಅವನು ನೆಲ ನೋಡುತ್ತಲೇ ಹೇಳಿದ. "ಸಿಮೆಂಟ್ ಲೋಡ್ ಇತ್ತು. ಗಾಡಿ ಹಿಂದಕ್ಕೆ ತಗೊಂಡೆ, ಚಕ್ರ ಹೂತೋಯ್ತು. ನೀರು ಬಂತು. ಮನೆ ಅಳಿಯ ಮನೇನೇ ಕೆಡವ್ತಾನೆ ಅಂತಾರೆ ಅಂದ್ಕೊಂಡೆ. ಒಂದು ರಜಾ ದಿನ ನೋಡಿ ನಾನೇ ಅಗೆದು ಹೊಸ ಪೈಪ್ ಹಾಕೋಣ ಅಂತಿದ್ದೆ. ಅಷ್ಟರಲ್ಲಿ ಪ್ಲಂಬರನ್ನ ಕರೆಸಿದ್ರು."

"ಆಗ ಹೇಳಬಹುದಿತ್ತು" ಎಂದರು ದೊಡ್ಡಮ್ಮ.

"ಹೇಳೋಕೆ ಬಾಯಿ ಬರಲಿಲ್ಲ."

ಟೈಲರಮ್ಮ ಗೋಡೆ ಬಿಟ್ಟು ಮುಂದೆ ಬಂದಳು. ಅವಳು ಕೂಗಾಡುತ್ತಾಳೆ ಎಂದು ನಾನು ಕಾದಿದ್ದೆ. ಅವಳ ದನಿ ಏರಲೇ ಇಲ್ಲ.

"ಗಂಟು ತುರುಕಿದ್ರಿ, ಹೋಗ್ಲಿ. ಹೆದರಿಕೆ ಅಂತೀರಿ. ನನ್ನ ಮಿಷನ್ನು ಸಾಗಿಸೋಕೆ ಬಾಡಿಗೆ ಬೇಡ ಅಂದ್ರಲ್ಲ, ಅದು ಹೇಳುವಾಗ ಬಾಯಿ ಬಂತಾ?"

ಅವನು ಬೀದಿಯಲ್ಲಿದ್ದ ತನ್ನ ಗಾಡಿಯ ಕಡೆ ನೋಡಿದ.

ಒಡತಿ ಕುರ್ಚಿಯಿಂದ ಎದ್ದರು. ಅಭ್ಯಾಸಬಲದಿಂದ ಮೊದಲು ಮಗಳ ಕಡೆಗೇ ತಿರುಗಿದರು. ಮಗಳು ಬೇಕೆಂದೇ ಮರದ ಕಡೆ ನೋಡುತ್ತಿದ್ದಳು. ಒಡತಿ ನಿಧಾನವಾಗಿ ಅಳಿಯನ ಕಡೆ ತಿರುಗಿದರು.

"ನೀವು" ಎಂದರು. "ಗುದ್ದಲಿ ಹಿತ್ತಲಲ್ಲಿದೆ. ಇವತ್ತು ಬಾಡಿಗೆಗೆ ಹೋಗಬೇಡಿ. ಮೊದಲು ಅವಳ ಹತ್ರ ತಪ್ಪಾಯ್ತು ಅನ್ನಿ."

"ಆಯ್ತು ಅತ್ತೆ" ಎಂದ ಅವನು. ಆ ಮನೆಯಲ್ಲಿ ಅವರಿಬ್ಬರ ಮೊದಲ ಮಾತುಕತೆ ಅದು, ಸೆಪ್ಟಿಕ್ ಟ್ಯಾಂಕಿನ ಪಕ್ಕದಲ್ಲಿ. ಅವನು ಟೈಲರಮ್ಮನ ಎದುರು ನಿಂತು ತಪ್ಪಾಯಿತು ಎಂದ. ಅವಳು ಸರಿ ಎನ್ನಲಿಲ್ಲ, ಕೇಳಿಸಿತು ಎಂಬಂತೆ ತಲೆಯಾಡಿಸಿದಳು.

ಒಡತಿ ಅವಳಿಗೆ, "ನೀನು ಖಾಲಿ ಮಾಡೋದೇನೂ ಬೇಡಮ್ಮ" ಎಂದರು.

"ಬೇಡ ಅನ್ನೋದು ಆಮೇಲೆ. ಮಾಡು ಅಂದಿದ್ದು ತಪ್ಪು ಅನ್ನಿ."

ಹೀಗೆ ಹೇಳಿಸಿಕೊಂಡು ಒಡತಿಗೆ ಅಭ್ಯಾಸವಿರಲಿಲ್ಲ. ಆದರೂ ಅಂದರು.

ಮಧ್ಯಾಹ್ನದ ಹೊತ್ತಿಗೆ ಅಳಿಯ ಮೊಣಕಾಲಿನವರೆಗೆ ಅಗೆದಿದ್ದ. ಪ್ಲಂಬರ್ ಟ್ಯಾಂಕ್ ಖಾಲಿ ಮಾಡುವ ಗಾಡಿಗೆ ಫೋನ್ ಮಾಡುತ್ತಿದ್ದ. ಹಿಂದಿನ ಕೋಣೆಯಲ್ಲಿ ಮಿಷನ್ನು ಮತ್ತೆ ಸದ್ದುಮಾಡುತ್ತಿತ್ತು. ನಾವು ಹೊರಡುವಾಗ ಗೇಟಿನ ಪಕ್ಕ ನೋಡಿದೆ. ಚೂರುಬಟ್ಟೆಯ ಚೀಲ ಅಲ್ಲಿರಲಿಲ್ಲ. ಟೈಲರಮ್ಮ ಅದನ್ನು ಒಳಗೆ ತೆಗೆದುಕೊಂಡು ಹೋಗಿದ್ದಳು.

"ಇನ್ನು ನಿನ್ನ ಸ್ಕೂಟರ್ ಒರೆಸೋಕೆ ಬಟ್ಟೆ ಬೇಕಾದ್ರೆ ಬಾಗಿಲು ತಟ್ಟಿ ಕೇಳಬೇಕು" ಎಂದರು ದೊಡ್ಡಮ್ಮ, ಕೈಗವಸು ಕಳಚುತ್ತಾ.