ದಿಬ್ಬ ಹತ್ತದ ಲಾರಿ

"ಇನ್ನೂ ಒತ್ತು, ಸಿರ್ಕಾ," ಎಂದ ತಾತ.

"ಪೂರ್ತಿ ಒತ್ತಿದೀನಪ್ಪ. ಇದೇ ಹತ್ತಲ್ಲ ಅಂತಿದೆ," ಎಂದಳು ಸ್ಟೀರಿಂಗ್ ಹಿಡಿದಿದ್ದ ಅಮ್ಮ.

ಮರದ ದಿಮ್ಮಿ ಸಾಗಿಸುವ ಅವರ ಲಾರಿ ಚರ್ಚಿನ ದಿಬ್ಬದ ಅರ್ಧಕ್ಕೇ ಏದುಸಿರು ಬಿಡುತ್ತಿತ್ತು. ಹಿಂದೆ ಕಪ್ಪು ಹೊಗೆ. ಲೋಡ್ ಕೂಡ ಇರಲಿಲ್ಲ. ಪಕ್ಕದ ಮನೆಯ ಕಲೆರ್ವೊ ಸೈಕಲ್ಲಿನಲ್ಲಿ ಅವರನ್ನು ದಾಟುತ್ತ, "ತಳ್ಳಬೇಕಾ?" ಎಂದು ಕೇಳಿ ಹೋದ.

ಅವರಿಬ್ಬರ ನಡುವೆ ಕೂತಿದ್ದ ಮಗಳು ಲುಮಿಗೆ ನಗು ಬರಲಿಲ್ಲ. ಈಚೆಗಷ್ಟೇ ಎಂಜಿನ್ ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ ಹಾಕಿ, ಮತ್ತೆ ಜೋಡಿಸಿದವನು ತಾತ.

ಶೆಡ್ಡಿಗೆ ಬಂದ ಮೇಲೆ ಅಮ್ಮ ಬಾನೆಟ್ ಎತ್ತಿದಳು. "ಫಿಲ್ಟರ್ ಹೊಸದು. ಡೀಸೆಲ್ ಸರಿಯಾಗಿ ಬರ್ತಿದೆ. ಪಂಪ್ ಟೈಮಿಂಗ್ ಎರಡು ಸಲ ನೋಡಿದ್ವಿ. ಇನ್ನೇನು ಉಳೀತು?"

"ನನ್ನ ಕೈ," ಎಂದ ತಾತ.

ಅಮ್ಮ ಬಾನೆಟ್ ಮುಚ್ಚಿದಳು. ಆಮೇಲೆ ಮೆಲ್ಲಗೆ, "ದಿಮ್ಮಿಗೆ ಸಾಮಿಲ್‌ನವರು ಕಾಯ್ತಾ ಕೂರಲ್ಲ ಅಪ್ಪ. ಸೋಮವಾರ ಪಟ್ಟಣದ ವರ್ಕ್‌ಶಾಪಿಗೆ ಕೊಡ್ತೀನಿ," ಎಂದಳು.

"ಕೊಡು. ಇನ್ನು ಮೇಲೆ ಎಲ್ಲಾ ಅವರೇ ನೋಡ್ಕೊಳ್ಳಲಿ."

ತಾತ ಗೋಡೆಯಿಂದ ಸ್ಪಾನರುಗಳನ್ನು ಒಂದೊಂದಾಗಿ ತೆಗೆದು ಪೆಟ್ಟಿಗೆಗೆ ಹಾಕತೊಡಗಿದ.

ಅಲ್ಲೇ ಮೊಳೆಗೆ ಕೆಂಪು ಬಟ್ಟೆ ತುಂಡುಗಳು ನೇತಾಡುತ್ತಿದ್ದವು. ಪೈಪು ಬಿಚ್ಚಿದ ಕೂಡಲೇ ಧೂಳು ಹೋಗದಂತೆ ಅದರ ಬಾಯಿಗೆ ಕೆಂಪು ಬಟ್ಟೆ ತುರುಕಬೇಕು. ಕೆಲಸ ಮುಗಿದ ಮೇಲೆ ಎಲ್ಲವೂ ಮೊಳೆಗೆ ವಾಪಸ್ ಬರಬೇಕು. ಅದು ತಾತನ ನಿಯಮ. ಲುಮಿ ಎಣಿಸಿದಳು. ಎಲ್ಲವೂ ಇದ್ದವು.

ಸಂಜೆ ಸೌನಾ ಕೋಣೆಯ ಒಲೆ ಕಾಯುತ್ತಿತ್ತು. ಹಬೆಸ್ನಾನಕ್ಕೆ ಮುಂಚೆ ಒಣಗಿದ ಬಟ್ಟೆ ತರಲು ಲುಮಿ ಹಗ್ಗದ ಹತ್ತಿರ ಹೋದಳು. ತಾತನ ಬೂದು ಕಾಲುಚೀಲಗಳು ಜೋಡಿ ಜೋಡಿಯಾಗಿದ್ದವು. ಕೊನೆಯದು ಮಾತ್ರ ಒಂಟಿ.

ಆಗ ಅವಳಿಗೆ ನೆನಪಾಯಿತು. ಎಂಜಿನ್ ಬಿಚ್ಚಿದ ದಿನ ಕೆಂಪು ಬಟ್ಟೆ ಸಾಲದೆ ತಾತ ಬೂಟು ಕಳಚಿ, "ಇದಕ್ಕೇನು ಕಮ್ಮಿ?" ಎಂದು ತನ್ನ ಕಾಲುಚೀಲವನ್ನೇ ಒಂದು ಪೈಪಿಗೆ ತುರುಕಿದ್ದ. ಲುಮಿ ಮೂಗು ಮುಚ್ಚಿಕೊಂಡು ನಕ್ಕಿದ್ದಳು.

ಅವಳು ಅಮ್ಮನ ಹತ್ತಿರ ಓಡಲಿಲ್ಲ. ಒಂಟಿ ಕಾಲುಚೀಲ ಹಿಡಿದು ಸೌನಾ ಮೆಟ್ಟಿಲ ಮೇಲೆ ತಾತನ ಪಕ್ಕ ಕೂತಳು.

"ತಾತ, ಇದರ ಜೋಡಿ ಎಲ್ಲಿ?"

ತಾತ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಆಮೇಲೆ ತಾನೇ ಎದ್ದು ಬಾಗಿಲ ಹತ್ತಿರ ಹೋಗಿ ಕೂಗಿದ: "ಸಿರ್ಕಾ, ಟಾರ್ಚ್ ತಗೊಂಡು ಬಾ. ನಾನೊಂದು ಮರೆತಿದ್ದೀನಿ."

ಟರ್ಬೊದಿಂದ ಎಂಜಿನ್ನಿಗೆ ಗಾಳಿ ಹೋಗುವ ಪೈಪು ಬಿಚ್ಚಿದರು. ಅಮ್ಮ ತಂತಿ ಕೊಕ್ಕೆಯಿಂದ ಎಳೆದಳು. ಎಣ್ಣೆ ಹೀರಿ ಕಪ್ಪಾದ ಕಾಲುಚೀಲ ಹೊರಗೆ ಬಂತು.

"ಪಾಪ, ಎಂಜಿನ್ನಿಗೆ ಉಸಿರಾಡೋಕೇ ಬಿಟ್ಟಿಲ್ಲ. ಒಗೆದಿದ್ದನ್ನಾದ್ರೂ ತುರುಕಬಾರದಿತ್ತಾ?" ಎಂದಳು ಅಮ್ಮ.

ತಾತ ನಗಲಿಲ್ಲ. "ಮರೆವು ಶುರುವಾಗಿದೆ, ಸಿರ್ಕಾ."

ಅಮ್ಮ ಪೈಪು ಕೂಡಿಸಿದಳು.

ಸೋಮವಾರ ಲಾರಿ ತುಂಬಾ ದಿಮ್ಮಿ ಹೊತ್ತು ಚರ್ಚಿನ ದಿಬ್ಬ ಹತ್ತಿತು. ವಾಪಸ್ ಬಂದ ಅಮ್ಮ ತಾತನ ಮಡಿಲಿಗೆ ಒಂದು ಪೊಟ್ಟಣ ಎಸೆದಳು. ಒಳಗೆ ನಾಲ್ಕು ಜೊತೆ ಕಾಲುಚೀಲ. ಎಲ್ಲವೂ ಕೆಂಪು.

"ಈ ಬಣ್ಣದ್ದು ನಾನು ಹಾಕ್ಕೊಳ್ಳಲ್ಲ," ಎಂದ ತಾತ.

"ಹಾಕ್ಕೋ. ಮುಂದಿನ ತಿಂಗಳು ಗೇರ್‌ಬಾಕ್ಸ್ ಬಿಚ್ಚೋದಿದೆ."

ತಾತ ಗೊಣಗುತ್ತ ಬೂಟಿನ ಲೇಸು ಸಡಿಲಿಸಿದ.

ಲುಮಿ ಶೆಡ್ಡಿಗೆ ಹೋಗಿ ಪೆಟ್ಟಿಗೆ ತೆರೆದಳು. ಸ್ಪಾನರುಗಳನ್ನು ಒಂದೊಂದಾಗಿ ಗೋಡೆಗೆ ನೇತುಹಾಕತೊಡಗಿದಳು, ದೊಡ್ಡದರಿಂದ ಚಿಕ್ಕದಕ್ಕೆ, ತಾತ ಇಡುತ್ತಿದ್ದ ಹಾಗೆಯೇ.