ಏಳು ಗಂಟೆ ದುಡಿದರೆ ಸೊನ್ನೆ

"ನಿಮಗೆ ನನ್ನ ಮೇಲೆ ಇಷ್ಟೊಂದು ಹಗೆನಾ?"

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತು ನರ್ಸ್ ಕೇಳಿದಳು. ಕೂಗಾಡೋಣವೆಂದೇ ಬಂದಿದ್ದಳು ಪಾಪ, ಆದರೆ ದನಿ ಎತ್ತಲೂ ತ್ರಾಣ ಉಳಿದಿರಲಿಲ್ಲ.

ಪ್ರೋಗ್ರಾಮರ್ ಕಕ್ಕಾಬಿಕ್ಕಿಯಾಗಿ ಎದ್ದು ನಿಂತ. ನರ್ಸ್‌ಗಳಿಗೆ ಡ್ಯೂಟಿ ಹಂಚುವ ಪ್ರೋಗ್ರಾಂ ಬರೆದವನು ಅವನೇ. ಹೋದ ತಿಂಗಳು ಕ್ಯಾಂಟೀನಿನಲ್ಲಿ ತಡವರಿಸುತ್ತಾ, ಮದುವೆ ಆಗ್ತೀರಾ ಎಂದು ಅವಳನ್ನು ಕೇಳಿದವನೂ ಅವನೇ. ಯೋಚಿಸಿ ಹೇಳುತ್ತೇನೆ ಎಂದಿದ್ದಳು. ಅಲ್ಲಿಂದೀಚೆಗೆ ಅವಳಿಗೆ ಒಂದು ದಿನವೂ ರಜೆಯಿಲ್ಲ! ಯಾರು ಬಾರದಿದ್ದರೂ ಇವಳಿಗೇ ಕರೆ.

ಹೂಂ ಅನ್ನಲಿಲ್ಲವೆಂದು ಸೇಡು ತೀರಿಸಿಕೊಳ್ಳುತ್ತಿದ್ದಾನೆ... ಎಂಥವನನ್ನು ಮೆಚ್ಚಿಕೊಂಡೆ ನಾನು!

"ನಾಳೆ ಕೆಲಸ ಬಿಡ್ತಿದೀನಿ. ನಿಮಗೆ ಸಮಾಧಾನ ಆಗ್ಲಿ."

ಅವನು ಪರದೆಯ ಮೇಲೆ ಅವಳ ಲೆಕ್ಕ ತೆರೆದ. ದುಡಿದ ದಿನಗಳ ಮುಂದೆಲ್ಲ ಸೊನ್ನೆ, ಸೊನ್ನೆ, ಸೊನ್ನೆ... ಅವನ ಮುಖ ಬಿಳಿಚಿಕೊಂಡಿತು. ದಿನಕ್ಕೆ ಎಷ್ಟು ಗಂಟೆ ಇರುತ್ತೀರಿ ಎಂದು ಮೆಲ್ಲಗೆ ಕೇಳಿದ. ಹೋದ ತಿಂಗಳು ಅಮ್ಮ ಕಾಲು ಮುರಿದುಕೊಂಡಾಗಿನಿಂದ ಎಂಟರ ಬದಲು ಏಳೇ ಗಂಟೆ, ಮೇಟ್ರನ್ ಒಪ್ಪಿದ್ದಾರೆ ಎಂದಳು.

"ತಪ್ಪು ನಂದೇ. ಕೆಲಸ ಮಾಡಿದ ಗಂಟೆನ ಎಂಟರಿಂದ ಭಾಗಿಸೋ ಹಾಗೆ ಬರೆದಿದ್ದೆ. ಎರಡೂ ಪೂರ್ಣಾಂಕ ಆದ್ರೆ ಕಂಪ್ಯೂಟರ್ ದಶಮಾಂಶನ ಬಿಸಾಕಿಬಿಡುತ್ತೆ. ಎಂಟು ಗಂಟೆ ಇದ್ದವರಿಗೆ ಒಂದು, ಏಳು ಗಂಟೆ ಇದ್ದವರಿಗೆ ಸೊನ್ನೆ. ನೀವು ಕೆಲಸಾನೇ ಮಾಡಿಲ್ಲ ಅಂತ ತಿಳ್ಕೊಂಡು ಅದು ರಜೆ ಕೊಡದೆ ಮತ್ತೆ ಮತ್ತೆ ನಿಮ್ಮನ್ನೇ ಕರೀತಿದೆ."

ಕೆಲಸವೇ ಮಾಡಿಲ್ಲವಂತೆ! ನಗಬೇಕೋ ಅಳಬೇಕೋ ತಿಳಿಯದೆ ಅವಳು ಕುರ್ಚಿಯಲ್ಲಿ ಕುಸಿದು ಕೂತಳು. ಆಮೇಲೆ ಅತ್ತೇಬಿಟ್ಟಳು.

ಅವನು ಎಂಟು ಎಂದಿದ್ದ ಕಡೆ 8.0 ಎಂದು ತಿದ್ದಿದ. ಒಂದು ಚುಕ್ಕಿ, ಒಂದು ಸೊನ್ನೆ, ಅಷ್ಟೇ. ಪ್ರತಿ ದಿನದ ಮುಂದೆ 0.875 ಮೂಡಿ, ರಜೆ ಸಿಗಬೇಕಾದವರ ಸಾಲಿನಲ್ಲಿ ಅವಳು ಎಲ್ಲರಿಗಿಂತ ಮೇಲೆ ಬಂದಳು. ಕೂಡಲೇ ಮೇಟ್ರನ್‌ಗೆ ಫೋನ್ ಮಾಡಿ ತನ್ನ ತಪ್ಪು ಒಪ್ಪಿಕೊಂಡ. ಆ ಕಡೆಯಿಂದ ಬಂದ ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿಸಿಕೊಂಡ.

"ಮೊದಲೇ ಬಂದು ಜಗಳ ಆಡಬಾರದಿತ್ತಾ?" ಫೋನ್ ಇಟ್ಟು ಅವಳನ್ನು ಕೇಳಿದ.

"ಭಯ ಆಗಿತ್ತು... ನಿಮ್ಮ ಮುಖ ನೋಡಿದ್ರೆ ಹೂಂ ಅಂದುಬಿಡ್ತೀನೇನೋ ಅಂತ."

 ನಾಳೆ ರಜೆಯಲ್ಲಿ ಏನು ಮಾಡುತ್ತೀರಿ ಎಂದು ಅವನು ಕೇಳಿದ.

"ನಿದ್ದೆ."

"ನಾಡಿದ್ದು?"

ಅವಳು ಕಣ್ಣೊರೆಸಿಕೊಂಡಳು. "ನಾಡಿದ್ದು ಮನೆಗೆ ಬನ್ನಿ. ಆದ್ರೆ ಅಮ್ಮನ್ನ ಬಿಟ್ಟು ನಾನೆಲ್ಲೂ ಬರಲ್ಲ, ಈಗಲೇ ಹೇಳಿರ್ತೀನಿ."

"ನಾನೇ ಬಂದು ಅಲ್ಲಿರ್ತೀನಿ. ಅತ್ತೆ ಬೇಡ ಅನ್ನದಿದ್ರೆ."

ಅತ್ತೆಯಂತೆ! ಕೇಳಿ ಅವಳ ಎದೆ ತುಂಬಿ ಬಂತು.

"ಅನ್ನಲ್ಲ ಬಿಡಿ," ಎಂದು ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. "ಹತ್ತು ನಿಮಿಷ ಬಿಟ್ಟು ಎಬ್ಬಿಸು."

ಎಬ್ಬಿಸು ಅಂದಳು, ಎಬ್ಬಿಸಿ ಅನ್ನಲಿಲ್ಲ. ಅವನು ಎಬ್ಬಿಸಲೇ ಇಲ್ಲ.